ಕಪ್ಪು ಹಿನ್ನೆಲೆಯ ಹುಳ

ಪುಣೆಯ ವೇತಾಳ ಟೇಕಡಿ ಎಂಬ ಗುಡ್ಡದ ಮೇಲೆ, ಹಳೇ ಕಲ್ಲುಕ್ವಾರಿಯ ಹೊಂಡದಿಂದ ತುಸು ಈಚೆಗೆ, ಒಂದು ಜಾಲಿಗಿಡ ಇದೆ. ದಸರಾ ಮುಗಿದ ಮೇಲಿನ ಒಂದು ಭಾನುವಾರ ಅದರ ಬುಡದಲ್ಲಿ ಮಂಡಿಯೂರಿ ಕೂತು ಹುಳದ ಫೋಟೋ ತೆಗೆಯುತ್ತಿದ್ದೆ. ನಡುವೆ ಊರಿಂದ ಅವ್ವನ ಫೋನ್ ಬಂತು, ಮಾತಾಡಿ ಇಟ್ಟೆ. ಬೆನ್ನ ಹಿಂದಿಂದ "ನಮ್ ಕಡೆಯವ್ರೇನ್ರಿ ಅಣ್ಣಾರ?" ಎಂದು ಕೇಳಿಸಿತು. ತಿರುಗಿದರೆ ತಲೆಯ ಮೇಲೆ ಒಣಕಟ್ಟಿಗೆಯ ಹೊರೆ ಹೊತ್ತ ಹೆಂಗಸು. ಸಿಂದಗಿ ಕಡೆಯವಳಂತೆ, ಗಂಡ ಸೆಂಟ್ರಿಂಗ್ ಕೆಲಸ, ಟೇಕಡಿಯ ಕೆಳಗಿನ ವಸ್ತಿಯಲ್ಲಿ ಮನೆ. ಪುಣೆಯಲ್ಲಿ ಕನ್ನಡ ಹೀಗೇ ಕಿವಿಗೆ ಬೀಳುವುದು: ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಾಳಿಗೆಯಿಂದ, ತರಕಾರಿ ಗಾಡಿಯ ಹಿಂದಿನಿಂದ, ಜಾಲಿಗಿಡದ ಹಿಂದಿನಿಂದ. "ಏನ್ ಹುಡಕಾಕತ್ತೀರಿ ಅದರಾಗ?" ಎಂದಳು. ಕ್ಯಾಮೆರಾದ ಪರದೆ ತೋರಿಸಿದೆ. ಹೆಗಲ ಮೇಲೆ ಎರಡು ಕೊಂಬು, ಬೆನ್ನುದ್ದಕ್ಕೂ ಬಾಗಿದ ಮುಳ್ಳು, ಮೈಮೇಲಿನ ಒಂದೊಂದು ರೋಮವೂ ಎಣಿಸುವಂತೆ ಬಂದಿತ್ತು. ಹಿಂದೆಲ್ಲ ಕಾಡಿಗೆಗಪ್ಪು. ಅವಳು ಅರ್ಧ ಹೆಜ್ಜೆ ಹಿಂದೆ ಸರಿದಳು. "ಯವ್ವಾ, ಇದೇನ್ರಿ ಇದು! ಕಚ್ಚತೈತೇನು?"

ಬೆರಳಿಟ್ಟು ಟೊಂಗೆ ತೋರಿಸಿದೆ. ಹೊರೆ ಇಳಿಸಿ ಬಗ್ಗಿ ನೋಡಿದಳು. ಒಂದು ಗಳಿಗೆ ಅಷ್ಟೇ. "ಅಯ್ಯ, ಇವಾ? ತೊಗರಿಗೆ ಹತ್ತತಾವಲ್ರಿ. ಯಾವಾಗ್ಲೂ ಇರವಿ ಬೆನ್ನ ಹತ್ತಿರತಾವ ನೋಡ್ರಿ. ಇವುನ್ನೇನ್ ಫೋಟೋ ತಗೀತೀರಿ!" ಎಂದು ನಕ್ಕು, ಇನ್ನೂ ಎರಡು ಹುಳ ತಾನೇ ಹುಡುಕಿ ತೋರಿಸಿ, ಹೊರೆ ಎತ್ತಿಸಿಕೊಂಡು ಹೊರಟುಹೋದಳು. ಹಾಗೆ ತೋರಿಸುವಾಗ ಅವಳ ಬೆರಳು ಹುಳದ ಪಕ್ಕಕ್ಕೇ ಬಂದಿತ್ತು. ಸಿಮೆಂಟಿಗೆ ಬಿರಿದ ಬೆರಳು, ಉಗುರಿನ ಅರ್ಧದಷ್ಟೂ ಇಲ್ಲದ ಹುಳ. ಅದನ್ನೂ ಒಂದು ಕ್ಲಿಕ್ ಮಾಡಿಕೊಂಡಿದ್ದೆ.

ಅವಳು ಹೋದ ಮೇಲೆ ತಲೆಯಲ್ಲಿ ಉಳಿದದ್ದು ಇಷ್ಟು. ಹುಟ್ಟಿದಾಗಿನಿಂದ ಆ ಹುಳವನ್ನು ನೋಡಿಕೊಂಡು ಬಂದವಳು, ಅದರ ನಡತೆ ಗೊತ್ತಿದ್ದವಳು, ನನ್ನ ಫೋಟೋದಲ್ಲಿ ಮಾತ್ರ ಅದನ್ನು ಗುರುತಿಸಲಿಲ್ಲ. ಅವಳ ಕಣ್ಣಿನಲ್ಲಿ ದೋಷವಿರಲಿಲ್ಲ. ಫೋಟೋ ಮಸುಕಾಗಿಯೂ ಇರಲಿಲ್ಲ, ಅತಿ ಸ್ಪಷ್ಟವಾಗಿಯೇ ಇತ್ತು. ಇಂಥ ಫೋಟೋಗಳನ್ನು ನಾವೆಲ್ಲ ದಿನಕ್ಕೆ ಹತ್ತಾರು ನೋಡುತ್ತೇವೆ, ವಾಹ್ ಎನ್ನುತ್ತೇವೆ. ಹುಳ ಗೊತ್ತಿಲ್ಲದವರಿಗೆ ವಾಹ್ ಅನಿಸುವ, ಗೊತ್ತಿದ್ದವರಿಗೆ ಗುರುತೇ ಸಿಗದ ಚಿತ್ರವನ್ನು ಏನೆಂದು ಕರೆಯಬೇಕು?

ಹನ್ನೆರಡು ಗಂಟೆಗೆ ನಡುರಾತ್ರಿ

ಮೊದಲು ಆ ಕಪ್ಪಿನ ವಿಚಾರ. ಅದು ಕಲೆಯಲ್ಲ, ಲೆಕ್ಕ. ಸಣ್ಣ ಹುಳವನ್ನು ಹತ್ತಿರದಿಂದ ತೆಗೆಯುವಾಗ ಫೋಕಸ್‌ನಲ್ಲಿ ಉಳಿಯುವ ಪದರ ತೀರಾ ತೆಳು. ನನ್ನದರಂಥ ಕ್ರಾಪ್ ಸೆನ್ಸರ್ ಕ್ಯಾಮೆರಾದಲ್ಲಿ, ಅಂದರೆ ಬೆಳಕು ಹಿಡಿಯುವ ಫಲಕ ತುಸು ಸಣ್ಣದಿರುವುದರಲ್ಲಿ, ಹುಳ ಇದ್ದಷ್ಟೇ ಗಾತ್ರದಲ್ಲಿ ಸೆನ್ಸರ್ ಮೇಲೆ ಬೀಳುವಂತೆ ಇಟ್ಟು ಲೆನ್ಸಿನ ರಂಧ್ರವನ್ನು ಎಫ್ 8 ಅಳತೆಗೆ ಇಟ್ಟು ತೆಗೆದರೆ ಸುಮಾರು 0.6 ಮಿಲಿಮೀಟರ್ ಮಾತ್ರ ಸ್ಪಷ್ಟ. ಎರಡು ಪಟ್ಟು ಹಿಗ್ಗಿಸಿದರೆ ಅದು ಕಾಲು ಮಿಲಿಮೀಟರಿಗೆ ಇಳಿಯುತ್ತದೆ. ಕೊಂಬು ಹಿಡಿದರೆ ಕಣ್ಣು ಹೋಯಿತು, ಕಣ್ಣು ಹಿಡಿದರೆ ಕೊಂಬು ಹೋಯಿತು. ಹಾಗಾಗಿ ಎಲ್ಲರೂ ರಂಧ್ರವನ್ನು ಕಿರಿದು ಮಾಡುತ್ತಾರೆ. ಬೆಳಕು ಸಾಲದು, ಫ್ಲ್ಯಾಶ್ ಹಚ್ಚುತ್ತಾರೆ. ಕಡಿಮೆ ಶಕ್ತಿಯಲ್ಲಿ ಫ್ಲ್ಯಾಶ್ ಬೆಳಗುವುದು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು, ಹೀಗಾಗಿ ಕೈನಡುಕವೂ ಟೇಕಡಿಯ ಗಾಳಿಯೂ ಚಿತ್ರಕ್ಕೆ ಇಳಿಯುವುದಿಲ್ಲ. ಇಲ್ಲಿಯವರೆಗೆ ಎಲ್ಲ ಲಾಭವೇ. ಆದರೆ ಫ್ಲ್ಯಾಶಿನ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಹುಳ ಫ್ಲ್ಯಾಶಿನಿಂದ 10 ಸೆಂಟಿಮೀಟರ್ ದೂರದಲ್ಲಿದ್ದು, ಹಿಂದಿನ ಪೊದೆ ಒಂದು ಮೀಟರ್ ಆಚೆಗಿದ್ದರೆ, ಹುಳಕ್ಕೆ ಸಿಕ್ಕ ಬೆಳಕಿನ ನೂರರಲ್ಲಿ ಒಂದು ಪಾಲು ಪೊದೆಗೆ. ಚಿತ್ರದಲ್ಲಿ ಅದು ಬರೀ ಕತ್ತಲೆ. ಅಕ್ಟೋಬರಿನ ಉರಿಬಿಸಿಲಲ್ಲಿ ತೆಗೆದದ್ದು ಅಮವಾಸ್ಯೆಯ ರಾತ್ರಿಯಂತೆ ಕಾಣುತ್ತದೆ.

ಹೀಗೆ ಲೆಕ್ಕದ ಅನಿವಾರ್ಯಕ್ಕೆ ಬಂದದ್ದು ನಿಧಾನಕ್ಕೆ ರುಚಿಯಾಯಿತು. ಈಗ ಕಪ್ಪು ಬರದಿದ್ದರೆ ಎಡಿಟ್‌ನಲ್ಲಿ ಕಪ್ಪು ಹಚ್ಚುತ್ತಾರೆ. ಹುಳವನ್ನು ನೇರ ಮುಖದಿಂದ, ಎರಡೂ ಕಣ್ಣು ಸಮವಾಗಿ ಬರುವಂತೆ, ಪಾಸ್‌ಪೋರ್ಟ್ ಫೋಟೋದ ಹಾಗೆ ತೆಗೆಯುತ್ತಾರೆ. ನಾಲ್ಕು ಹನಿ ನೀರು ಚಿಮುಕಿಸಿ ಇಬ್ಬನಿ ಎನ್ನುವವರಿದ್ದಾರೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹುಳವನ್ನು ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟು, ಮರಗಟ್ಟಿದ ಮೇಲೆ ಗುಲಾಬಿಯ ಮೇಲೆ ಕೂಡಿಸಿ ತೆಗೆಯುವವರೂ ಇದ್ದಾರೆ. ಜಾಲಿಯ ರಸ ಕುಡಿಯುವ ಹುಳಕ್ಕೆ ಗುಲಾಬಿಯಲ್ಲಿ ಏನು ಕೆಲಸ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಚಿತ್ರದ ಕೆಳಗೆ ಗಿಡದ ಹೆಸರು ಇರುವುದೇ ಇಲ್ಲ. ಕೀಟ ಗುರುತಿಸುವವರನ್ನು ಕೇಳಿ ನೋಡಿ. ರಸ ಹೀರುವ ಹುಳಗಳಲ್ಲಿ ಅವರ ಮೊದಲ ಪ್ರಶ್ನೆ ಬಹುತೇಕ ಒಂದೇ: ಯಾವ ಗಿಡದ ಮೇಲಿತ್ತು?

ನಮ್ಮ ಬಡಾವಣೆಯ ಕನ್ನಡ ಬಳಗದವರು ಒಂದು ಕ್ಯಾಲೆಂಡರ್ ಮಾಡಿಸುವವರಿದ್ದರು, ಪುಣೆಯ ಸುತ್ತಿನ ಜೀವಜಂತು ಎಂದು. ನಾನು ಆ ಬೆರಳಿನ ಫೋಟೋ ಕೊಟ್ಟೆ. "ಭಾಳ ಚಲೋ ಅದ ಸರ್. ಬೆರಳು ಕತ್ತರಿಸಿ ಕೊಡ್ತೀರೇನು?" ಎಂದರು. ಆಗುವುದಿಲ್ಲ ಎಂದೆ. ಆ ತಿಂಗಳಿಗೆ ಚಿಟ್ಟೆ ಬಂತು. ಚಿಟ್ಟೆಯ ಮೇಲೆ ನನಗೇನೂ ಸಿಟ್ಟಿಲ್ಲ.

ಗಿಡವೇ ಕುಡಿಸುತ್ತದೆ

ಹುಲಿಯ ಮುಖವನ್ನಷ್ಟೇ ತೆಗೆದರೂ ಹುಲಿ ಹುಲಿಯೇ. ರಸ ಹೀರುವ ಹುಳಕ್ಕೆ ಈ ಮಾತು ಒಪ್ಪುವುದಿಲ್ಲ ಎಂಬುದು ನನ್ನ ವಾದ. ಆ ಜಾಲಿಯ ಹುಳವನ್ನೇ ತೆಗೆದುಕೊಳ್ಳಿ. ಪುಸ್ತಕದ ಹೆಸರು ಆಕ್ಸಿರೇಕಿಸ್ ಟರಾಂಡಸ್. ತೊಗರಿಕಾಳಿಗಿಂತ ತುಸು ಉದ್ದ, ಒಣ ತೊಗಟೆಯ ಬಣ್ಣ. ಕೊಂಬು ಎಂದು ಕಾಣುವುದು ತಲೆಯದ್ದಲ್ಲ, ಎದೆಯ ಮೊದಲ ಖಂಡದ ಮೇಲ್ಭಾಗ ಬೆಳೆದು ಹಾಗಾದದ್ದು. ತಾಯಿ ಎಳೆಯ ಕಾಂಡವನ್ನು ಸೀಳಿ ಒಳಗೆ ಮೊಟ್ಟೆ ಇಡುತ್ತದೆ. ಮರಿಗಳು ಅದೇ ಕಾಂಡಕ್ಕೆ ಸಾಲಾಗಿ ಅಂಟಿ ಕೂತು ಕುಡಿಯುತ್ತವೆ. ಈ ಕುಲದ ಹುಳಗಳು ಒಂದಕ್ಕೊಂದು ಮಾತಾಡುವುದೂ ಕಾಂಡದ ಮೂಲಕವೇ. ಹೊಟ್ಟೆ ಅಲುಗಿಸಿ ಕಾಂಡಕ್ಕೆ ಕಂಪನ ಕೊಡುತ್ತವೆ, ಆಚೆಗಿದ್ದದ್ದು ಕಾಲಿನಲ್ಲಿ ಕೇಳಿಸಿಕೊಳ್ಳುತ್ತದೆ. ಅಮೆರಿಕದ ಅಂಬೋನಿಯಾ ಎಂಬ ಮುಳ್ಳುಹುಳದ ಮರಿಗಳು ವೈರಿ ಬಂದಾಗ ಒಟ್ಟಾಗಿ ಕಾಂಡ ನಡುಗಿಸಿ ತಾಯಿಯನ್ನು ಕರೆಯುತ್ತವೆ. ತೊಟ್ಟಿಲು, ಊಟ, ಮಾತು ಮೂರೂ ಒಂದೇ ಕಡ್ಡಿಯಲ್ಲಿ. ಆ ಕಡ್ಡಿಯನ್ನು ಕತ್ತಲೆಗೆ ತಳ್ಳಿ ಹುಳದ ಭಾವಚಿತ್ರ ತೆಗೆದೆ ಎಂದರೆ ಯಾರ ಭಾವ, ಯಾವ ಚಿತ್ರ?

ಊಟದ ವಿಷಯ ಇನ್ನೂ ಸ್ವಾರಸ್ಯ. ಅದಕ್ಕೆ ಇದೇ ರೀತಿ ರಸ ಹೀರುವ ಇನ್ನೊಂದು ಸಣ್ಣ ಹುಳ, ಸಸ್ಯಹೇನನ್ನು ನೋಡಿ. ಸಸ್ಯಹೇನು ಗಿಡದ ರಸ ಹೀರುತ್ತದೆ ಎನ್ನುತ್ತೇವೆ, ಸ್ಟ್ರಾ ಹಾಕಿ ಎಳನೀರು ಕುಡಿದಂತೆ ಕಲ್ಪಿಸಿಕೊಳ್ಳುತ್ತೇವೆ. ಕೂದಲಿಗಿಂತ ತೆಳುವಾದ ಸೂಜಿಯನ್ನು ಅದು ಜೀವಕೋಶಗಳ ಸಂದಿಯಲ್ಲಿ ನುಸುಳಿಸಿಕೊಂಡು ಹೋಗಿ ಸಕ್ಕರೆ ಸಾಗಿಸುವ ನಾಳಕ್ಕೆ ಚುಚ್ಚುತ್ತದೆ, ಅದು ಸರಿ. ಆಮೇಲೆ ಅದು ಹೆಚ್ಚು ಕಷ್ಟಪಡಬೇಕಿಲ್ಲ. 1953ರಲ್ಲಿ ಕೆನಡಿ ಮತ್ತು ಮಿಟ್ಲರ್ ಎಂಬ ಇಬ್ಬರು ವಿಜ್ಞಾನಿಗಳು ವಿಲೋ ಗಿಡದ ದೊಡ್ಡ ಹೇನೊಂದು ಕುಡಿಯುತ್ತಿದ್ದಾಗ ಅದರ ಎಚ್ಚರ ತಪ್ಪಿಸಿ, ಸೂಜಿಯನ್ನು ಕಾಂಡದಲ್ಲೇ ಬಿಟ್ಟು ಹುಳವನ್ನು ಕತ್ತರಿಸಿ ತೆಗೆದರು. ಉಳಿದ ಸೂಜಿಯ ತುದಿಯಿಂದ ರಸ ತಾನೇ ತಾನಾಗಿ ಗಂಟೆಗಟ್ಟಲೆ ಒಸರುತ್ತಲೇ ಇತ್ತು. ನಾಳದೊಳಗಿನ ಒತ್ತಡವೇ ಹುಳಕ್ಕೆ ಕುಡಿಸುತ್ತಿತ್ತು. ಗಿಡದ ಶುದ್ಧ ರಸ ಬೇಕಾದಾಗ ಸಸ್ಯವಿಜ್ಞಾನಿಗಳಿಗೆ ಇದೇ ಒಂದು ದಾರಿಯಾಯಿತು. ಹುಳ ಹೋದರೂ ಚಿತ್ರ ಮುಂದುವರಿಯಿತು, ನೋಡಿ. ನಾವು ಮಾಡುವುದು ಇದರ ಉಲ್ಟಾ.

ಈ ರಸದಲ್ಲಿ ಸಕ್ಕರೆ ಧಾರಾಳ, ಮೈ ಕಟ್ಟುವ ಅಮೈನೋ ಆಮ್ಲ ಅತ್ಯಲ್ಪ. ಕೊರತೆಯನ್ನು ಸಸ್ಯಹೇನಿನ ಒಳಗೇ ವಾಸವಾಗಿರುವ ಬುಕ್ನೆರಾ ಎಂಬ ಬ್ಯಾಕ್ಟೀರಿಯಾ ತುಂಬಿಕೊಡುತ್ತದೆ. ಆದರೂ ಸಾಲದೆ ಹುಳ ಕುಡಿಯುತ್ತಲೇ ಇರಬೇಕು, ಹೆಚ್ಚಾದ ಸಕ್ಕರೆಯನ್ನು ಹಿಂದಿನಿಂದ ಹನಿಹನಿಯಾಗಿ ಬಿಡಬೇಕು. ಆ ಹನಿಗೆ ಇರುವೆ ಬರುತ್ತದೆ. ಇರುವೆ ಬಂದರೆ ಗುಲಗಂಜಿ ಹುಳದಂಥ ವೈರಿಗಳು ದೂರ ಉಳಿಯುತ್ತವೆ. ಇರುವೆಗೂ ಸಿಗದೆ ಎಲೆಯ ಮೇಲೆ ಬಿದ್ದ ಅಂಟಿನ ಮೇಲೆ ಕರಿ ಬೂಷ್ಟು ಬೆಳೆಯುತ್ತದೆ. ಜಾಲಿಯ ಹುಳಕ್ಕೂ ಇರುವೆಗೂ ಇರುವುದು ಇದೇ ನಂಟು. ಸಿಂದಗಿಯ ಅಕ್ಕ "ಇರವಿ ಬೆನ್ನ ಹತ್ತಿರತಾವ" ಎಂದದ್ದು ಇಷ್ಟನ್ನೂ ಸೇರಿಸಿ. ಹುಳವನ್ನು ಆಕೆ ಗುರುತಿಟ್ಟುಕೊಂಡಿದ್ದದ್ದೇ ಗಿಡ, ಇರುವೆ, ಜಾಗ ಇವುಗಳಿಂದ. ಕೊಂಬು ಅವಳ ಕಣ್ಣಿಗೆ ಬಿದ್ದಿತ್ತೋ ಇಲ್ಲವೋ.

ಅವ್ವ, ಅವರೆ, ಬೂದಿ

ಕಳೆದ ಚಳಿಗಾಲದಲ್ಲಿ ಅವ್ವ ನಮ್ಮಲ್ಲಿಗೆ ಬಂದವಳು ಸುಮ್ಮನೆ ಕೂಡಲಾರದೆ ಬಾಲ್ಕನಿಯಲ್ಲಿ ಅವರೆ ಬಳ್ಳಿ ಹಬ್ಬಿಸಿದಳು. ಹೂ ಬಿಡುವ ಹೊತ್ತಿಗೆ ಕುಡಿತುಂಬ ಕರಿಹೇನು. ಬೆಳಿಗ್ಗೆ ಎದ್ದವಳೇ "ಹೇನ ಹತ್ಯಾವ ತಮ್ಮಾ, ಬೂದಿ ತೊಗೊಂಬಾ" ಎಂದಳು. ಪುಣೆಯ ಕೋಥ್ರೂಡ್ ಬಡಾವಣೆಯ ನಾಲ್ಕನೇ ಮಾಳಿಗೆಯಲ್ಲಿ ಬೂದಿ ಎಲ್ಲಿಂದ ತರಲಿ? ಇಬ್ಬನಿ ಆರುವ ಮೊದಲೇ ಎರಚಬೇಕು, ಅಂದರೆ ಅಂಟುತ್ತದೆ ಎನ್ನುವುದು ಅವಳ ಅವಸರ. ಬೂದಿ ಹುಡುಕುವ ನೆಪದಲ್ಲಿ ಎರಡು ದಿನ ತಳ್ಳಿದೆ. ಆ ಎರಡು ದಿನ ಒಂದೇ ಕುಡಿಯನ್ನು ನೋಡುತ್ತ ಕೂತೆ.

ಕರಿಹೇನಿನ ದೊಡ್ಡವು ಎಣ್ಣೆ ಹಚ್ಚಿದಂತೆ ಹೊಳೆಯುತ್ತವೆ, ಮರಿಗಳ ಮೇಲೆ ಬೂದುಬಣ್ಣದ ಮೇಣ. ಎಲ್ಲ ತಲೆ ತಗ್ಗಿಸಿ, ಹಿಂಭಾಗ ತುಸು ಎತ್ತಿ, ಸೂಜಿ ಊರಿ ಕೂತಿವೆ. ಅವುಗಳಲ್ಲಿ ಒಂದರ ಹಿಂದೆ ಹಸಿರು-ಕಂದು ಬಣ್ಣದ ಏನೋ ಸಣ್ಣದೊಂದು ಅಂಟಿಕೊಂಡಂತೆ ಕಂಡಿತು. ನೋಡುತ್ತಿದ್ದಂತೆ ಉದ್ದವಾಯಿತು. ಸಸ್ಯಹೇನು ಬಹುಪಾಲು ಮೊಟ್ಟೆ ಇಡದೆ ಮರಿಯನ್ನೇ ಹಾಕುತ್ತದೆ, ಅದೂ ಹಿಂಭಾಗ ಮೊದಲು. ತಲೆ ಇನ್ನೂ ಒಳಗಿರುವಾಗಲೇ ಮರಿಯ ಕಾಲುಗಳು ಮೈಯಿಂದ ಒಂದೊಂದಾಗಿ ಬಿಡಿಸಿಕೊಂಡು ಗಾಳಿಯಲ್ಲಿ ಒದ್ದಾಡಿದವು. ಕೊನೆಗೆ ಪಾದ ಕಾಂಡಕ್ಕೆ ತಾಗಿ, ಹಿಡಿದುಕೊಂಡು, ತನ್ನನ್ನು ತಾನೇ ತಾಯಿಯಿಂದ ಎಳೆದುಕೊಂಡಿತು. ಇದೆಲ್ಲ ನಡೆಯುವಾಗ ತಾಯಿ ಸೂಜಿ ತೆಗೆಯಲಿಲ್ಲ. ಕುಡಿಯುತ್ತಲೇ ಹೆತ್ತಿತು. ಹುಟ್ಟಿದ್ದು ನಾಲ್ಕು ಹೆಜ್ಜೆ ನಡೆದು ಜಾಗ ನೋಡಿ ತಾನೂ ಕೂತಿತು.

ಅವ್ವನನ್ನು ಕರೆದು ಕ್ಯಾಮೆರಾದ ಪರದೆಯಲ್ಲಿ ತೋರಿಸಿದೆ. ಇಲ್ಲಿ ಗಂಡು ಬೇಕಾಗಿಯೇ ಇಲ್ಲ ಎಂದೆ. ನಮ್ಮಂಥ ಬೆಚ್ಚನೆಯ ಸೀಮೆಯಲ್ಲಿ ವರ್ಷವಿಡೀ ಹೆಣ್ಣೇ ಹೆಣ್ಣನ್ನು ಹೆರುತ್ತದೆ, ತಾಯಿಯ ಹೊಟ್ಟೆಯೊಳಗಿನ ಮಗಳ ಹೊಟ್ಟೆಯಲ್ಲಿ ಆಗಲೇ ಮೊಮ್ಮಗಳು ಮೊಳೆತಿರುತ್ತಾಳೆ. ಅವ್ವ ಕನ್ನಡಕ ಸರಿಮಾಡಿಕೊಂಡು ನೋಡಿ, "ಬಾಣಂತನ ಇಲ್ಲ, ಗಂಡನ ಕಾಟ ಇಲ್ಲ. ಅದಕ್ಕs ಇಷ್ಟ ಆಗ್ಯಾವ" ಎಂದಳು.

ಇದನ್ನು ಮೊದಲು ಸಾಬೀತು ಮಾಡಿದ್ದು ಜಿನೀವಾದ ಷಾರ್ಲ್ ಬೊನೆ. 1740ರಲ್ಲಿ, ಇಪ್ಪತ್ತರ ಹುಡುಗನಾಗಿದ್ದಾಗ, ಆಗತಾನೇ ಹುಟ್ಟಿದ ಒಂದು ಸಸ್ಯಹೇನನ್ನು ನೀರಿನ ಸೀಸೆಯಲ್ಲಿ ನಿಲ್ಲಿಸಿದ ಟೊಂಗೆಯ ಮೇಲೆ ಬಿಟ್ಟು, ಮೇಲೆ ಗಾಜಿನ ಜಾಡಿ ಕವುಚಿ, ಬೇರೆ ಯಾವ ಹುಳವೂ ಸೋಂಕದಂತೆ ಬೆಳಗಿನಿಂದ ರಾತ್ರಿಯವರೆಗೆ ಕಾದ. ಒಂಟಿಯಾಗಿಯೇ ಬೆಳೆದ ಅದು ಒಟ್ಟು 95 ಮರಿ ಹಾಕಿತು. ಮುಂದೆ ಅವನ ಕಣ್ಣು ಮಂಜಾಗಿ, ಹುಳ ನೋಡುವುದು ಬಿಟ್ಟು ತತ್ವಶಾಸ್ತ್ರಕ್ಕೆ ಹೊರಳಿದ. ಅವನ ಕೈಯಲ್ಲಿದ್ದದ್ದು ಒಂದು ಭೂತಗನ್ನಡಿ ಮಾತ್ರ, ಮೊಬೈಲಿಗೆ ಸಿಕ್ಕಿಸುವ ಇಂದಿನ ನಮ್ಮ ಕ್ಲಿಪ್ ಲೆನ್ಸುಗಳೂ ಅದಕ್ಕಿಂತ ವಾಸಿ. ಆದರೆ ಟೊಂಗೆಯಿಲ್ಲದೆ ಅವನಿಗೆ ಒಂದು ದಿನವೂ ನಡೆಯುತ್ತಿರಲಿಲ್ಲ.

ಮೂರನೆಯ ದಿನ ಕೆಳಗಿನ ಇಸ್ತ್ರಿ ಗಾಡಿಯವನ ಹತ್ತಿರ ಅವ್ವ ತಾನೇ ಬೂದಿ ಇಸಿದುಕೊಂಡು ಬಂದಳು. ಅಷ್ಟರೊಳಗೆ ಕಾಲಿಲ್ಲದ ಒಂದು ಹಸಿರು ಹುಳ, ಹೂನೊಣದ ಮರಿ, ಗುಂಪಿನೊಳಗೆ ನುಗ್ಗಿತ್ತು. ಕುರುಡಾಗಿ ಅತ್ತಿತ್ತ ಮೂತಿ ಆಡಿಸಿ, ತಾಗಿದ ಹೇನನ್ನು ಕಚ್ಚಿ ಮೇಲಕ್ಕೆತ್ತಿ, ಹೀರಿ, ಸಿಪ್ಪೆ ಬಿಸಾಡುತ್ತಿತ್ತು. ಅದಿದ್ದ ಕುಡಿಗೆ ಬೂದಿ ಬೇಡ ಎಂದೆ. ಅವ್ವ ಒಪ್ಪಿದಳು, ಉಳಿದದ್ದಕ್ಕೆಲ್ಲ ಎರಚಿದಳು.

ಎಲೆಯೊಂದು ಹಿಂದಿರಲಿ

ಈಗ ನಾನು ತೆಗೆಯುವ ರೀತಿ ಹೀಗೆ. ಫ್ಲ್ಯಾಶ್ ಬಿಟ್ಟಿಲ್ಲ, ಬಿಡಲಾಗದು. ಹಿಂದೆ ಕತ್ತಲೆ ಬೇಡವೆಂದರೆ ಹುಳದ ಹಿಂದೆ ಹತ್ತಿರದಲ್ಲೇ ಅದೇ ಗಿಡದ ಎಲೆ ಬರುವ ಕೋನ ಹುಡುಕುತ್ತೇನೆ. ಫ್ಲ್ಯಾಶಿನಿಂದ ಹುಳ 10 ಸೆಂಟಿಮೀಟರ್, ಎಲೆ 15 ಇದ್ದರೂ ಅರ್ಧಕ್ಕೆ ಹತ್ತಿರ ಬೆಳಕು ಅದಕ್ಕೂ ಸಿಗುತ್ತದೆ. ಎಡಗೈಯಲ್ಲಿ ಟೊಂಗೆ ಹಿಡಿದು, ಆ ಕೈಯ ಮೇಲೇ ಲೆನ್ಸ್ ಊರುತ್ತೇನೆ, ಗಾಳಿಗೆ ಎರಡೂ ಒಟ್ಟಿಗೆ ತೂಗುತ್ತವೆ. ಮುಖದಿಂದಲ್ಲ, ಬದಿಯಿಂದ ತೆಗೆಯುತ್ತೇನೆ. ಬದಿಯಿಂದ ನೋಡಿದರೆ ಮಾತ್ರ ಎದೆಯ ಕೆಳಗಿಂದ ಇಳಿದು ಕಾಂಡ ಮುಟ್ಟುವ ಸೊಂಡಿಲು ಕಾಣುತ್ತದೆ. ಹುಳದ ಇಡೀ ಬದುಕು ನಿಂತಿರುವುದು ಆ ತುದಿಯಲ್ಲಿ, ಫೋಕಸ್ ಅಲ್ಲಿಗೇ ಬೀಳಲಿ, ಕಣ್ಣು ತುಸು ಮಸುಕಾದರೆ ಆಗಲಿ. ಫ್ಲ್ಯಾಶಿನ ಬೆಳಕನ್ನು ಮೆದುಮಾಡುವ ಡಿಫ್ಯೂಸರ್‌ಗೆ ಸಾಬೂನು ಡಬ್ಬಿಯ ಮುಚ್ಚಳಕ್ಕೆ ಬೆಣ್ಣೆಕಾಗದ ಅಂಟಿಸಿದರೆ ಸಾಕು. ದುಬಾರಿಯದು ಬೇಕೆಂದರೆ ಬೇಡವೆನ್ನುವುದಿಲ್ಲ, ಆದರೆ ದುಡ್ಡು ಉಳಿಸಿ ಮೊದಲು ಗಿಡ ಗುರುತಿಸುವುದು ಕಲಿಯಿರಿ. ಟೇಕಡಿಯ ತುಂಬ ಅರಣ್ಯ ಇಲಾಖೆ ನೆಟ್ಟ ಗೊಬ್ಬರದ ಗಿಡ, ಗ್ಲಿರಿಸಿಡಿಯಾ. ಅದರ ನಡುವೆ ಉಳಿದ ಜಾಲಿ, ಎಕ್ಕ, ಲಂಟಾನಾ ಎಲ್ಲೆಲ್ಲಿವೆ ಎಂದು ಗೊತ್ತಾದರೆ ಹುಳ ಹುಡುಕುವುದೇ ಬೇಡ. ಎಕ್ಕದ ಕುಡಿಯಲ್ಲಿ ಅರಿಶಿನ ಬಣ್ಣದ ಹೇನು ಇದ್ದೇ ಇರುತ್ತದೆ, ಗಿಡದ ಹಾಲಿನ ವಿಷವನ್ನು ಮೈಗೆ ತುಂಬಿಕೊಂಡು ನಿಶ್ಚಿಂತೆಯಾಗಿ.

ಚಂದದ ಚಿತ್ರವಲ್ಲದಿದ್ದರೂ ಕೆಲಸ ಮಾಡಿದ ಒಂದು ಫೋಟೋ ನನಗೆ ನೆನಪಿದೆ. 2002ರ ಮಳೆಗಾಲದಲ್ಲಿ ಸಾಂಗ್ಲಿ ಜಿಲ್ಲೆಯ ಕಬ್ಬಿನಲ್ಲಿ ಕಾಣಿಸಿಕೊಂಡ ಬಿಳಿ ಉಣ್ಣೆಹೇನು ಕೃಷ್ಣೆ ದಾಟಿ ನಮ್ಮ ಕಡೆಗೆ ಬರಲು ತಡವಾಗಲಿಲ್ಲ. ಜಮಖಂಡಿಯ ಸೋದರಮಾವನ ಹೊಲದಲ್ಲಿ ಎಲೆಯ ಕೆಳಮೈ ಪೂರಾ ಹತ್ತಿ ಅಂಟಿಸಿದ ಹಾಗೆ ಬೆಳ್ಳಗೆ, ಕೆಳಗಿನ ಎಲೆಗಳ ಮೇಲ್ಮೈ ಬೂಷ್ಟಿಗೆ ಕರ್ರಗೆ. ಒಳಗೆ ಹೋಗಿ ಬಂದವರ ಅಂಗಿ ತುಂಬ ಮೇಣದ ಪುಡಿ. ಆಗ ಊರಲ್ಲಿ ಹಂಚಿದ ಕರಪತ್ರದಲ್ಲಿ ಒಂದು ಫೋಟೋ ಇತ್ತು: ಯಾರದೋ ಕೈ, ಕೈಯಲ್ಲಿ ಮಗುಚಿ ಹಿಡಿದ ಕಬ್ಬಿನ ಎಲೆ, ಎಲೆಯ ನಡುನರದ ಗುಂಟ ಬಿಳಿ. ಅಚ್ಚು ಕೆಟ್ಟದ್ದು, ಬಣ್ಣ ಬಿಟ್ಟಿದ್ದು. ಆದರೆ ಅದನ್ನು ನೋಡಿದವರೆಲ್ಲ ಅವತ್ತೇ ಹೊಲಕ್ಕೆ ಹೋಗಿ ಎಲೆ ಮಗುಚಿದರು. ಪಕ್ಕದಲ್ಲಿದ್ದ ಇನ್ನೊಂದು ಚಿತ್ರ ಆ ಹೇನನ್ನು ತಿನ್ನುವ ಡೈಫಾ ಎಂಬ ಪತಂಗದ ಮರಿಯದು. ಆಮೇಲೆ ಹೊಲದಿಂದ ಹೊಲಕ್ಕೆ ಆ ಮರಿಗಳಿರುವ ಎಲೆಗಳನ್ನೇ ಕೊಯ್ದು ಒಯ್ದು ಕಟ್ಟಿದರು. ಮೈಕ್ರೋಮಸ್ ಎಂಬ ಕಂದು ರೆಕ್ಕೆಯ ಇನ್ನೊಂದು ಹುಳವೂ ಸೇರಿಕೊಂಡಿತು. ಉಣ್ಣೆಹೇನನ್ನು ತಹಬಂದಿಗೆ ತಂದದ್ದರಲ್ಲಿ ಇವುಗಳ ಪಾಲು ದೊಡ್ಡದು.

ಆ ಮಟ್ಟದ ಉಪಯೋಗ ನನ್ನ ಫೋಟೋಗಳಿಗೆ ಇರಬೇಕೆಂದೇನೂ ಇಲ್ಲ. ಹವ್ಯಾಸ ಹವ್ಯಾಸವೇ. ಆದರೂ ಈ ಸಲ ದೀಪಾವಳಿಗೆ ಊರಿಗೆ ಹೋದಾಗ ಜಾಲಿಯ ಮೇಲೆ ನೋಡಿದ ಅದೇ ಕೊಂಬಿನ ಹುಳವನ್ನು ನಮ್ಮ ತೊಗರಿಯಲ್ಲಿ ತೆಗೆಯಬೇಕೆಂದಿದೆ, ಕಾಂಡ, ಇರುವೆ, ಹೂ, ಹಿಂದೆ ಹೊಲದ ಸಾಲು ಎಲ್ಲ ಬರುವಂತೆ. ಮೊನ್ನೆ ಅಪ್ಪನಿಗೆ ಫೋನ್ ಮಾಡಿ, ಅಷ್ಟರೊಳಗೆ ಔಷಧ ಹೊಡೆಸಬೇಡ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಆ ಹುಳ ಏನೂ ಮಾಡೂದಿಲ್ಲ ಬಿಡು, ಅದಕ್ಯಾರ ಹೊಡೀತಾರ. ಬದುವಿನ ಕಡೆ ಎರಡ ಸಾಲು ನಿನಗ ಬಿಡ್ತೀನಿ. ಆದ್ರ ಕಾಯಿಕೊರಕ ಬಂತಂದ್ರ ಮಾತ್ರ ನಾ ನಿನ್ನ ಕೇಳಂಗಿಲ್ಲ ನೋಡು ತಮ್ಮಾ" ಎಂದರು. ನನ್ನ ಪಾಲಿನ ಎರಡು ಸಾಲಿನ ಕಾಯಿಕೊರಕ ಅವರ ಸಾಲಿಗೆ ಹೋದರೆ ಏನು ಮಾಡೋಣ ಎಂದು ಕೇಳಿದೆ. ಅದನ್ನು ಬಂದಾಗ ನೋಡೋಣ, ಬರುವಾಗ ಚಿತಳೆ ಬಾಕರವಡಿ ಮರೆಯಬೇಡ ಎಂದು ಫೋನ್ ಇಟ್ಟರು.